ಆರು ಹತ್ತರ ಧ್ವನಿ

ಮಾರ್ಚ್ 3, ಸೋಮವಾರ

ಈ ಪುಸ್ತಕ ಕೊಂಡದ್ದು ನನಗಾಗಿ ಅಲ್ಲ. ಹೇಳಬೇಕಾದ್ದನ್ನು ಇವರು ಬರೆದು ತೋರಿಸಲಿ ಎಂದು ತಂದಿದ್ದೆ. ಇವರು ಮೊದಲ ಹಾಳೆಯಲ್ಲಿ ‘ನೀರು’ ಎಂದು ಬರೆದು, ಒಂದು ಲೋಟ ನೀರಿಗೆ ಒಂದು ಹಾಳೆಯೇ ಎಂಬಂತೆ ಮುಖ ಕಿವುಚಿ, ಅಟ್ಟ ಹತ್ತಿ ತಮ್ಮ ಶಾಲೆಯ ಕಾಲದ ಸ್ಲೇಟು ಇಳಿಸಿಕೊಂಡರು. ಹೀಗೆ ಪುಸ್ತಕ ನನ್ನ ಪಾಲಿಗೆ ಬಂತು. ಮನೆಯಲ್ಲಿ ನನಗೆ ಉತ್ತರ ಕೊಡುವವರು ಬಾಯಿ ಮುಚ್ಚಿದ ಮೇಲೆ ನನ್ನ ಮಾತೂ ಎಲ್ಲಾದರೂ ಹೋಗಬೇಕಲ್ಲ, ಇಲ್ಲಿಗೆ ಬರಲಿ.

ಶನಿವಾರ ಇವರ ಗಂಟಲ ಆಪರೇಷನ್ ಆಯಿತು. ಧ್ವನಿಪೆಟ್ಟಿಗೆಯಲ್ಲಿ ಒಂದು ಗಂಟು ಬೆಳೆದಿತ್ತು. ಕೆಟ್ಟ ಜಾತಿಯದಲ್ಲ, ಹೆದರಬೇಡಿ ಎಂದರು ಡಾಕ್ಟರು. ತೆಗೆದದ್ದೂ ಆಯಿತು. ಆದರೆ ಇನ್ನು ಆರು ವಾರ ಇವರು ಒಂದೇ ಒಂದು ಮಾತು ಆಡುವಂತಿಲ್ಲ.

“ಪಿಸುಗುಟ್ಟಬಹುದಾ ಡಾಕ್ಟ್ರೇ?” ಎಂದು ಕೇಳಿದೆ.

“ಪಿಸುಗುಟ್ಟೋದು ಕೂಗೋದಕ್ಕಿಂತ ಕೆಟ್ಟದ್ದು.”

“ಆರು ವಾರ ಆದ್ಮೇಲೆ?”

“ನೋಡೋಣ. ಧ್ವನಿ ಬರಬಹುದು, ಬರದೇನೂ ಇರಬಹುದು. ಬಂದ್ರೂ ಮೊದಲಿನ ಹಾಗೇ ಇರುತ್ತೆ ಅಂತ ನಾನಂತೂ ಮಾತು ಕೊಡಲ್ಲಮ್ಮ.”

ಬೇರೆಯವರಿಗೆ ಹೀಗಾಗಿದ್ದರೆ ನಾನೂ ‘ಪಾಪ’ ಎಂದು ಸುಮ್ಮನಾಗುತ್ತಿದ್ದೆ. ಇವರಿಗೆ ಧ್ವನಿಯೇ ಕೆಲಸ. ರೈಲು ನಿಲ್ದಾಣದಲ್ಲಿ ಯಾವ ಗಾಡಿ ಎಷ್ಟು ಹೊತ್ತಿಗೆ, ಯಾವ ಪ್ಲಾಟ್‌ಫಾರ್ಮಿಗೆ ಎಂದು ಮೈಕಿನಲ್ಲಿ ಹೇಳುವವರು ಇವರು, ಹನ್ನೊಂದು ವರ್ಷದಿಂದ. ಧ್ವನಿ ಇಲ್ಲದಿದ್ದರೆ ಮೈಕಿನ ಮುಂದಿನ ಆ ಕುರ್ಚಿಯೂ ಇಲ್ಲ.

ಅತ್ತೆ ಶನಿವಾರದಿಂದ ಮಗನ ಜೊತೆ ಕೂಗಿ ಕೂಗಿ ಮಾತಾಡುತ್ತಿದ್ದಾರೆ. ‘ಅಮ್ಮಾ, ಹೋಗಿರೋದು ಬಾಯಿ, ಕಿವಿ ಅಲ್ಲ’ ಎಂದು ಇವರು ಸ್ಲೇಟು ತೋರಿಸಿದರು. ಕನ್ನಡಕ ಹಾಕಿರದ ಅತ್ತೆ “ಏನ್ ಬರ್ದಿದೀಯೋ, ಕಾಣಿಸ್ತಿಲ್ಲ” ಎಂದು ಇನ್ನೂ ಜೋರಾಗಿ ಕೂಗಿದರು.

ಮಾರ್ಚ್ 5, ಬುಧವಾರ

ನಾನು ಮೊದಲು ಮದುವೆಯಾದದ್ದು ಇವರ ಧ್ವನಿಯನ್ನು, ಇವರನ್ನು ಆಮೇಲೆ. ಇದನ್ನು ಯಾರಿಗೂ ಹೇಳಿಲ್ಲ. ಹೇಳಿದರೆ ಅತ್ತೆ ನಗುತ್ತಾರೆ, ಕೆಳಗಿನ ಅಂಗಡಿಯ ಟೈಲರಮ್ಮ ಊರಿಗೆಲ್ಲ ಹಂಚುತ್ತಾರೆ.

ಹೊಲಿಗೆ ಕಲಿಯಲು ಎರಡು ವರ್ಷ ದಿನಾ ಗಾಡಿಯಲ್ಲಿ ಈ ಊರಿಗೆ ಬರುತ್ತಿದ್ದೆ. ಸಂಜೆ ವಾಪಸು ಹೋಗುವ ಗಾಡಿ ಆರು ಹತ್ತರದು. ಬೆಂಚಿನ ಮೇಲೆ ಕೂತರೆ ತಲೆಯ ಮೇಲಿಂದ ಆ ಧ್ವನಿ ಇಳಿಯುತ್ತಿತ್ತು: “ಪ್ರಯಾಣಿಕರ ಗಮನಕ್ಕೆ. ಆರು ಗಂಟೆ ಹತ್ತು ನಿಮಿಷದ ಗಾಡಿ ಎರಡನೇ ಪ್ಲಾಟ್‌ಫಾರ್ಮಿಗೆ ಬರಲಿದೆ.” ಆ ‘ಬರಲಿದೆ’ಯನ್ನು ಹೇಳುವಾಗ ಕೊನೆಯಲ್ಲಿ ಸ್ವಲ್ಪ ತಗ್ಗಿಸುತ್ತಿದ್ದರು, ನಿದ್ದೆಗೆ ಹೋಗುವ ಮಗುವಿಗೆ ಹೇಳುವ ಹಾಗೆ. ಗಾಡಿ ಬಾರದಿದ್ದರೂ ಪರವಾಗಿಲ್ಲ, ಹೀಗೆ ಹೇಳುತ್ತಲೇ ಇರಲಿ ಅನ್ನಿಸುತ್ತಿತ್ತು. ಮನಸ್ಸಿನಲ್ಲೇ ಆರಡಿ ಎತ್ತರದ, ಗಂಭೀರ ಮುಖದ ಒಬ್ಬರನ್ನು ಕಟ್ಟಿಕೊಂಡಿದ್ದೆ.

ಆಮೇಲೆ ನಿಲ್ದಾಣದ ಹಿಂದಿನ ಈ ಬೀದಿಯಲ್ಲೇ ಟೈಲರಮ್ಮನ ಅಂಗಡಿಗೆ, ಅಂಗಿಗೆ ಕಾಜಾ ಹೊಲಿದು ಗುಂಡಿ ಹಾಕುವ ಕೆಲಸಕ್ಕೆ ಸೇರಿದೆ. ಒಂದು ದಿನ ಕುಳ್ಳಗೆ, ಕಿವಿ ಎರಡೂ ಹೊರಗೆ ಚಾಚಿದ ಒಬ್ಬರು ಅಂಗಿ ಹಿಡಿದು ಬಂದು “ಒಂದು ಗುಂಡಿ ಹೊಲ್ಕೊಡ್ತೀರಾ?” ಎಂದರು. ಸೂಜಿ ನನ್ನ ಬೆರಳಿಗೆ ಹೊಕ್ಕಿತು. ಮುಖ ನೋಡಿದರೆ ಬೇರೆಯವರು, ಕಣ್ಣು ಮುಚ್ಚಿದರೆ ಅವರೇ. ಆ ದಿನದಿಂದ ಇವರ ಅಂಗಿಯ ಗುಂಡಿಗಳು ವಾರಕ್ಕೊಂದರಂತೆ ಉದುರತೊಡಗಿದವು. ಬ್ಲೇಡಿನಲ್ಲಿ ಕತ್ತರಿಸುತ್ತಿದ್ದೆ ಎಂದು ಮದುವೆಯಾದ ಮೇಲೆ ಒಪ್ಪಿಕೊಂಡರು. ನನ್ನನ್ನು ‘ಗುಂಡಿ’ ಎಂದು ಕರೆಯುವುದು ಅಂದಿನಿಂದ.

ಮಾರ್ಚ್ 6, ಗುರುವಾರ

ನಿನ್ನೆ ಬರೆಯಬೇಕಾದದ್ದನ್ನೇ ಬಿಟ್ಟೆ. ಧ್ವನಿ ಪೂರ್ತಿ ಹೋಗಿಲ್ಲ. ಆಪರೇಷನ್‌ಗೆ ಮೊದಲು ಸ್ಟೇಷನ್ ಮಾಸ್ಟರು ಎರಡು ದಿನ ಇವರನ್ನು ಕೂರಿಸಿಕೊಂಡು ಎಲ್ಲ ಗಾಡಿಗಳನ್ನೂ ಓದಿಸಿ ರೆಕಾರ್ಡ್ ಮಾಡಿಸಿದ್ದಾರೆ. ಈಗ ಹೊತ್ತು ಹೊತ್ತಿಗೆ ಯಂತ್ರ ತಾನೇ ಹಾಕುತ್ತದೆ. ನಮ್ಮ ಮನೆ ಟೈಲರಮ್ಮನ ಅಂಗಡಿಯ ಮೇಲೆ, ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ಪ್ಲಾಟ್‌ಫಾರ್ಮು. ಕಿಟಕಿ ತಾನಾಗಿ ಮುಚ್ಚಿಕೊಳ್ಳುವ ಜಾತಿಯದು, ಅದಕ್ಕೆ ದಾರದ ಖಾಲಿ ರೀಲೊಂದನ್ನು ಸಿಕ್ಕಿಸಿ ತೆರೆದೇ ಇಟ್ಟಿದ್ದೇನೆ.

ಸಂಜೆ ಆರು ಹತ್ತಕ್ಕೆ ಆ ಕಿಟಕಿಯಲ್ಲಿ ನಿಂತು ಪ್ರಾರ್ಥನೆ ಮಾಡುತ್ತೇನೆ. ಧ್ವನಿ ಗಾಳಿಯಲ್ಲಿ ಇರುವಾಗಲೇ ಕೇಳಿಕೊಂಡರೆ ಯಾವ ಧ್ವನಿ ಎಂಬ ಬಗ್ಗೆ ದೇವರಿಗೂ ಗೊಂದಲ ಆಗುವುದಿಲ್ಲ. ‘ಇದೇ ಧ್ವನಿ, ಹೀಗೇ, ಒಂದು ಎಳೆಯೂ ಕಡಿಮೆಯಾಗದೆ ವಾಪಸು ಕೊಡು’ ಎನ್ನುತ್ತೇನೆ. ಸುಮ್ಮನೆ ಕೇಳಿದರೆ ಕೊಡಬೇಕೆಂದೇನೂ ಇಲ್ಲವಲ್ಲ, ಅದಕ್ಕೆ ಚಹಾಕ್ಕೆ ಸಕ್ಕರೆ ಬಿಟ್ಟಿದ್ದೇನೆ. ಇವರ ಮೊದಲ ಮಾತು ನನ್ನ ಕಿವಿಗೆ ಬೀಳುವ ತನಕ ಸಕ್ಕರೆ ಮುಟ್ಟುವುದಿಲ್ಲ. ಮೂರು ಚಮಚ ಹಾಕಿಕೊಳ್ಳುತ್ತಿದ್ದವಳಿಗೆ ಇದೇನು ಸಣ್ಣ ಹರಕೆಯಲ್ಲ. ಇವತ್ತಿನ ಚಹಾ ಬೇವಿನ ಕಷಾಯದ ಹಾಗಿತ್ತು.

ಮಾರ್ಚ್ 9, ಭಾನುವಾರ

ಬೆಳಿಗ್ಗೆ ಏಳುವುದು ತಡವಾಯಿತು. ಕಣ್ಣು ಬಿಟ್ಟರೆ ದಿಂಬಿಗೆ ಒರಗಿಸಿದ ಸ್ಲೇಟು: ‘ಪ್ರಯಾಣಿಕರ ಗಮನಕ್ಕೆ. ಏಳು ಗಂಟೆಯ ಚಹಾ ನಲವತ್ತು ನಿಮಿಷ ತಡವಾಗಿ ಓಡುತ್ತಿದೆ. ಆಗಿರುವ ತೊಂದರೆಗೆ ವಿಷಾದಿಸುತ್ತೇವೆ.’ ಅಕ್ಷರವೋ, ಕೋಳಿ ಕೆದಕಿದ ಹಾಗೆ. ಮೈಕಿನಲ್ಲಿ ಅಷ್ಟು ಚೆಂದ ಮಾತಾಡುವ ಮನುಷ್ಯ ಇಷ್ಟು ಕೆಟ್ಟದಾಗಿ ಬರೆಯುತ್ತಾರೆಂದು ಎರಡು ವರ್ಷ ಸಂಸಾರ ಮಾಡಿಯೂ ನನಗೆ ಗೊತ್ತಿರಲಿಲ್ಲ.

ನಕ್ಕೆ. ನಕ್ಕದ್ದಕ್ಕೆ ಆಮೇಲೆ ಅಳು ಬಂತು, ಬಚ್ಚಲಿಗೆ ಹೋಗಿ ಮುಖ ತೊಳೆದೆ.

ಮಾರ್ಚ್ 14, ಶುಕ್ರವಾರ

ತಪ್ಪು ನನ್ನದೇ.

ಸಂಜೆ ಕಿಟಕಿಯಲ್ಲಿ ಕಣ್ಣು ಮುಚ್ಚಿ ನಿಂತಿದ್ದೆ. ಆರು ಹತ್ತರದು ಬಂದು ಹೋಯಿತು, ಆರು ಇಪ್ಪತ್ತೈದರದೂ ಆಯಿತು. ನಾನು ನಿಂತೇ ಇದ್ದೆ. ಪ್ರಾರ್ಥನೆ ಯಾವಾಗ ಮುಗಿದಿತ್ತೋ, ಸುಮ್ಮನೆ ಕೇಳುತ್ತಿದ್ದೆ. ತಿರುಗಿದರೆ ಬಾಗಿಲಲ್ಲಿ ಇವರು. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. ಸ್ಲೇಟು ತೆಗೆದುಕೊಂಡು ನಿಧಾನವಾಗಿ ಬರೆದರು: ‘ಅವನು ಚೆನ್ನಾಗಿ ಮಾತಾಡ್ತಾನೆ ಅಲ್ವಾ?’

“ಅವನು ಅಂದ್ರೆ? ಅದು ನೀವೇ ಅಲ್ವೇನ್ರೀ” ಎಂದೆ.

ತಲೆ ಆಡಿಸಿದರು, ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಸ್ಲೇಟು ಒರೆಸಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ತನ್ನ ಧ್ವನಿಯ ಮೇಲೆ ತಾನೇ ಹೊಟ್ಟೆಕಿಚ್ಚು ಪಡುವುದನ್ನು ಎಲ್ಲಾದರೂ ಕೇಳಿದ್ದೇವೆಯೇ ಎಂದು ನಗಬೇಕು ಅನ್ನಿಸಿತು, ನಗಲಾಗಲಿಲ್ಲ. ಏಕೆಂದರೆ ಇವರು ಬಾಗಿಲಲ್ಲಿ ನಿಂತಿದ್ದಾಗ ನನಗೆ ಆ ಧ್ವನಿಯೇ ಹೆಚ್ಚು ಬೇಕಾಗಿತ್ತು. ಇದು ನಿಜ, ಇಲ್ಲಾದರೂ ಬರೆದಿಡುತ್ತೇನೆ.

ಮಾರ್ಚ್ 15, ಶನಿವಾರ

ಸ್ಲೇಟು ಇಡೀ ದಿನ ಗೋಡೆಗೆ ಮುಖ ಮಾಡಿ ನಿಂತಿತ್ತು. ನಾವಿಬ್ಬರೂ ಹೆಚ್ಚುಕಡಿಮೆ ಹಾಗೇ.

ಮಾರ್ಚ್ 18, ಮಂಗಳವಾರ

ಯಂತ್ರದ ಧ್ವನಿಗೆ ಒಂದು ದೊಡ್ಡ ಕೊರತೆ ಇದೆ. ಅದಕ್ಕೆ ‘ತಡ’ ಎಂಬುದು ಗೊತ್ತಿಲ್ಲ. ಇವರು ಓದಿದ್ದು ವೇಳಾಪಟ್ಟಿಯನ್ನು, ಯಂತ್ರ ಹೇಳುವುದೂ ವೇಳಾಪಟ್ಟಿಯನ್ನೇ. ಗಾಡಿ ಎಲ್ಲಿ ನಿಂತಿದ್ದರೂ ಇಲ್ಲಿ ‘ಬರಲಿದೆ’ ಎನ್ನುತ್ತದೆ. ನಿನ್ನೆ ಟೈಲರಮ್ಮನ ಅಕ್ಕ ಅದನ್ನು ನಂಬಿ ಕೈಚೀಲ ಹಿಡಿದು ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಒಂದೂವರೆ ಗಂಟೆ ನಿಂತಿದ್ದರಂತೆ.

“ನಿಮ್ಮೆಜಮಾನ್ರು ಬಂತು ಬಂತು ಅಂದ್ರು, ಗಾಡಿ ಮಾತ್ರ ಬರ್ಲಿಲ್ಲ. ನಮ್ಮಕ್ಕ ಕೂತ್ರೆ ಗಾಡಿ ತಪ್ಪಿ ಹೋಗುತ್ತೆ ಅಂತ ಕೂರಲೂ ಇಲ್ಲ” ಎಂದು ಟೈಲರಮ್ಮ ಕತ್ತರಿ ಆಡಿಸುತ್ತ ಹೇಳಿದರು. “ಬಾಯಿ ಇದ್ದಾಗ ಒಂದು ದಿನಾನೂ ಸುಳ್ಳು ಹೇಳದ ಮನುಷ್ಯ, ಈಗ ನೋಡು.”

ಮನೆಗೆ ಬಂದು ಇದನ್ನು ತಮಾಷೆ ಎಂದೇ ಹೇಳಿದೆ. ಇವರು ನಗಲಿಲ್ಲ. ಅಂಗಿ ಹಾಕಿಕೊಂಡರು, ಸ್ಲೇಟು ಕಂಕುಳಲ್ಲಿ ಇಟ್ಟುಕೊಂಡರು, ಹೋದರು. ಸ್ವಲ್ಪ ಹೊತ್ತಿನ ಮೇಲೆ ಕಿಟಕಿಯಲ್ಲಿ ನೋಡಿದರೆ ಪ್ಲಾಟ್‌ಫಾರ್ಮಿನ ಬಾಗಿಲಲ್ಲಿ ಸ್ಲೇಟನ್ನು ತಲೆಯ ಮೇಲೆ ಎತ್ತಿ ಹಿಡಿದು ನಿಂತಿದ್ದಾರೆ. ಮೇಲಿಂದ ಅವರದೇ ಧ್ವನಿ ‘ಬರಲಿದೆ’ ಎನ್ನುತ್ತಿದೆ, ಕೆಳಗೆ ಜನ ಸ್ಲೇಟು ಓದಿ, ನಕ್ಕು, ಬೆಂಚಿನ ಕಡೆ ಹೋಗುತ್ತಿದ್ದಾರೆ.

ತಡೆಯಲಾಗದೆ ನಾನೂ ಇಳಿದು ಹೋದೆ. ಸ್ಲೇಟಿನಲ್ಲಿ ಇದ್ದದ್ದು: ‘ಆರು ಹತ್ತರ ಗಾಡಿ ಐವತ್ತು ನಿಮಿಷ ತಡ. ಒಳಗೆ ಬೆಂಚ್ ಇದೆ. ಕೂತ್ಕೊಳ್ಳಿ.’ ಎತ್ತಿ ಹಿಡಿದು ಹಿಡಿದು ಸ್ಲೇಟು ಒಂದು ಕಡೆಗೆ ವಾಲುತ್ತಿತ್ತು. ನಾನು ಪಕ್ಕದಲ್ಲಿ ನಿಂತು ಸ್ಲೇಟಿನ ಇನ್ನೊಂದು ಮೂಲೆ ಹಿಡಿದುಕೊಂಡೆ. ಪ್ರಾರ್ಥನೆ ಅಲ್ಲೇ ನಿಂತು ಮಾಡಿದೆ, ಕಣ್ಣು ಬಿಟ್ಟುಕೊಂಡೇ.

ಮಾರ್ಚ್ 21, ಶುಕ್ರವಾರ

ಇವರು ಈಗ ದಿನಾ ಹೋಗುತ್ತಾರೆ. ರಜೆಯಲ್ಲಿರುವವರು ಬರಬಾರದು ಎಂದು ಸ್ಟೇಷನ್ ಮಾಸ್ಟರು ಮೊದಲು ಗೊಣಗಿದರಂತೆ. ಆಮೇಲೆ ಗಾಡಿ ಎಲ್ಲಿ, ಗಾಡಿ ಎಲ್ಲಿ ಎಂದು ತಮ್ಮ ತಲೆ ತಿನ್ನುವವರು ಕಡಿಮೆಯಾದದ್ದು ನೋಡಿ, ಉಗ್ರಾಣದಿಂದ ಒಂದು ದೊಡ್ಡ ಕಪ್ಪು ಹಲಗೆಯನ್ನು ತಾವೇ ಹೊರಿಸಿ ತಂದುಕೊಟ್ಟರು.

ಹಲಗೆ ದೊಡ್ಡದಾದಷ್ಟೂ ಇವರ ಅಕ್ಷರದ ಅವತಾರ ದೂರಕ್ಕೆ ಕಾಣಿಸುತ್ತದೆ. ಸಾಲು ಬಲಗಡೆಗೆ ಹೋಗುತ್ತ ಬೆಟ್ಟ ಹತ್ತುತ್ತದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಂಗಡಿಯಿಂದ ಅಳತೆಪಟ್ಟಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಹೋಗಿ ತೆಳುವಾಗಿ ಗೆರೆ ಎಳೆದು ಕೊಟ್ಟೆ. ಕಾಜಾ ಹೊಲಿಯುವಾಗ ಒಂದರಿಂದ ಒಂದಕ್ಕೆ ಎಷ್ಟು ಅಂತರ ಬಿಡುತ್ತೇವೋ ಅಷ್ಟೇ ಅಂತರ ಅಕ್ಷರಕ್ಕೂ ಬಿಡಿ ಎಂದೆ. ಶ್ರದ್ಧೆಯಿಂದ ಬರೆದರು. ನಾಲಿಗೆ ಹೊರಗೆ ಚಾಚಿ ಬರೆಯುತ್ತಾರೆ. ಅದು ಅವರಿಗೇ ಗೊತ್ತಿಲ್ಲ, ನಾನು ಹೇಳಲೂ ಇಲ್ಲ. ಹೇಳಿದರೆ ನಿಲ್ಲಿಸಿಬಿಡುತ್ತಾರೆ.

ಮನೆಯಲ್ಲಿ ಸ್ಲೇಟಿನ ಕೆಲಸ ಕಡಿಮೆಯಾಗುತ್ತಿದೆ. ಲೋಟಕ್ಕೆ ಬೆರಳಿನಿಂದ ಒಂದು ಸಲ ತಟ್ಟಿದರೆ ‘ಇನ್ನೂ ಬೇಕು’, ಎರಡು ಸಲ ತಟ್ಟಿದರೆ ‘ಸಾಕು’. ಎಡ ಹುಬ್ಬು ಏರಿದರೆ ಅತ್ತೆಯ ವಿಷಯ. ಎರಡೂ ಹುಬ್ಬು ಏರಿದರೆ ಟೈಲರಮ್ಮನ ವಿಷಯ. “ಏನದು ನೀವಿಬ್ಬರೂ ಹುಬ್ಬು ಹಾರಿಸ್ತಾ ಕೂತಿರ್ತೀರ, ನನಗೂ ಹೇಳಿ” ಎಂದು ಅತ್ತೆ ಕೇಳಿದರು. ಇಬ್ಬರ ಎಡ ಹುಬ್ಬೂ ಒಟ್ಟಿಗೆ ಏರಿತು.

ಮಾರ್ಚ್ 28, ಶುಕ್ರವಾರ

ಅಂಗಡಿಗೆ ರಜೆ. ಮಧ್ಯಾಹ್ನ ತಾರಸಿಯ ಮೇಲೆ ಬಟ್ಟೆ ಒಣಹಾಕಲು ಹೋದವಳು ಕೆಳಗೆ ಬರಲೇ ಇಲ್ಲ. ಇವರು ಹುಡುಕಿಕೊಂಡು ಬಂದರು. ಒದ್ದೆ ಹೊದಿಕೆಗಳ ನಡುವೆ ಚಾಪೆ ಹಾಸಿ ಮಲಗಿದೆವು. ಗಾಳಿ ಬಂದಾಗ ಹೊದಿಕೆ ಉಬ್ಬುತ್ತಿತ್ತು, ನೆರಳು ಮುಖದ ಮೇಲೆ ಹಾದು ಹೋಗುತ್ತಿತ್ತು, ಮತ್ತೆ ಬಿಸಿಲು. ಒಂದು ಇರುವೆ ಇವರ ಅಂಗಿಯ ಗುಂಡಿಯ ಮೇಲೆ ಸುತ್ತು ಹಾಕಿ ಹಾಕಿ ದಾರಿ ತಪ್ಪಿಸಿಕೊಂಡಿತು. ಅದನ್ನು ನಾವಿಬ್ಬರೂ ಎಷ್ಟೋ ಹೊತ್ತು ನೋಡಿದೆವು.

ಇವರು ನನ್ನ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಿದ್ದರು, ನಾನು ಓದುತ್ತಿದ್ದೆ. ಮೋಡ. ಇರುವೆ. ಹಸಿವು. ಆಮೇಲೆ ಉದ್ದಕ್ಕೆ ಏನೋ ಬರೆದರು, ಕಚಗುಳಿಯಾಗಿ ಅರ್ಧದಲ್ಲೇ ಕೈ ಎಳೆದುಕೊಂಡೆ. ಏನು ಬರೆದಿರಿ ಎಂದರೆ ಮತ್ತೆ ಬರೆಯಲಿಲ್ಲ. ಮಾತು ಎಂಬುದು ಹುಟ್ಟುವ ಮೊದಲು ಜನ ಹೀಗೇ ಇದ್ದರೇನೋ, ಒಬ್ಬರ ಕೈಯಲ್ಲಿ ಒಬ್ಬರು ಬರೆದುಕೊಂಡು. ನಿದ್ದೆ ಬಂತು. ಎದ್ದಾಗ ಹೊದಿಕೆಗಳೆಲ್ಲ ಒಣಗಿ ಹಗುರಾಗಿದ್ದವು, ಇವರ ಕೈ ನನ್ನ ಕೈಯಲ್ಲೇ ಇತ್ತು. ಇಷ್ಟು ಸುಖವಾಗಿರುವುದು ಈ ಹೊತ್ತಿನಲ್ಲಿ ಸರಿಯೋ ತಪ್ಪೋ ತಿಳಿಯದು.

ಆರು ಹತ್ತರ ಪ್ರಾರ್ಥನೆ ತಪ್ಪಿಹೋಯಿತು. ಏಳಕ್ಕೆ ಮಾಡಿದೆ. ಅತ್ತೆಯ ಮಂಡಿನೋವಿಗೆ ಕೇಳಿದೆ, ಟೈಲರಮ್ಮನ ಅಕ್ಕನ ಗಾಡಿಗೆ ಕೇಳಿದೆ, ದಾರಿ ತಪ್ಪಿದ ಇರುವೆಗೂ ಕೇಳಿದೆ. ಮುಖ್ಯವಾದದ್ದು ಏನೋ ಬಿಟ್ಟ ಹಾಗಿತ್ತು. ನೆನಪಾದದ್ದು ಪಾತ್ರೆ ತೊಳೆಯುವಾಗ.

ಕಿಟಕಿ ತೆರೆದಿದ್ದರೆ ಗಾಳಿಗೆ ಒಲೆ ಆರುತ್ತದೆ. ರೀಲು ತೆಗೆದು ಅದಕ್ಕೆ ಸ್ಲೇಟು ಒರೆಸುವ ಬಟ್ಟೆ ಸುತ್ತಿಟ್ಟೆ.

ಏಪ್ರಿಲ್ 6, ಭಾನುವಾರ

ಜಗಳವಾಯಿತು. ಒದ್ದೆ ಟವಲನ್ನು ಹಾಸಿಗೆಯ ಮೇಲೆ ಹಾಕಿದ್ದಕ್ಕೆ. ನಾನು ಒಂದು ಮಾತು ಅಂದರೆ ಅವರು ಸ್ಲೇಟು ಹುಡುಕಿ, ಬಳಪ ಹುಡುಕಿ, ಬರೆದು, ತಪ್ಪು ತಿದ್ದಿ, ನನ್ನ ಕಡೆ ತಿರುಗಿಸುವ ಹೊತ್ತಿಗೆ ನನಗೆ ಏನಂದಿದ್ದೆ ಎಂಬುದೇ ಮರೆತಿರುತ್ತದೆ. ಮೂರನೆಯ ಸಲ ಇವರು ಕೋಪದಲ್ಲಿ ಬರೆಯುವಾಗ ಬಳಪ ಮುರಿಯಿತು. ಇಬ್ಬರೂ ಮಂಚದ ಕೆಳಗೆ ಅದನ್ನು ಹುಡುಕಿದೆವು. ತಲೆಗೆ ತಲೆ ಢಿಕ್ಕಿ ಹೊಡೆಯಿತು. ಜಗಳ ಅಲ್ಲಿಗೆ ಮುಗಿಯಿತು, ಟವಲು ಇನ್ನೂ ಅಲ್ಲೇ ಇದೆ.

ಏಪ್ರಿಲ್ 11, ಶುಕ್ರವಾರ

ನಾಳೆ ಡಾಕ್ಟರ ಹತ್ತಿರ ಹೋಗಬೇಕು. ಇವರು ಸಂಜೆ ಕನ್ನಡಿಯ ಮುಂದೆ ಬಾಯಿ ತೆರೆದು, ಮುಚ್ಚಿ, ತೆರೆದು ನೋಡುತ್ತಿದ್ದರು. ನನ್ನನ್ನು ಕಂಡು ಹಲ್ಲು ನೋಡುವವರ ಹಾಗೆ ನಟಿಸಿದರು. ಅತ್ತೆ ಊಟ ಮಾಡಲಿಲ್ಲ. ನಾನು ಕಿಟಕಿ ತೆರೆದು ಆರು ಹತ್ತಕ್ಕೆ ಸರಿಯಾಗಿ ನಿಂತು ಮೊದಲಿನ ಹಾಗೇ ಕೇಳಿಕೊಂಡೆ. ತುಂಬ ದಿನದಿಂದ ಮಾತಾಡಿಸದ ನೆಂಟರ ಮನೆಗೆ ಸಹಾಯ ಕೇಳಲು ಹೋದ ಹಾಗೆ ನಾಚಿಕೆಯಾಯಿತು.

ಏಪ್ರಿಲ್ 12, ಶನಿವಾರ

ಬರಲಿಲ್ಲ.

ಡಾಕ್ಟರು ಗಂಟಲೊಳಗೆ ಬೆಳಕು ಬಿಟ್ಟು ನೋಡಿ, ಗಾಯ ಮಾಗಿದೆ ಎಂದರು. “ಎಲ್ಲಿ, ಮೆತ್ತಗೆ ‘ಆ’ ಅನ್ನಿ” ಎಂದರು. ಇವರು ಅಂದರು. ಬರೀ ಗಾಳಿ. ಇನ್ನೊಮ್ಮೆ ಅಂದರು, ಕುತ್ತಿಗೆಯ ನರ ಉಬ್ಬಿತು. ಬರೀ ಗಾಳಿ. ಇವರು ನನ್ನ ಕಡೆ ನೋಡಲಿಲ್ಲ, ಗೋಡೆಯ ಮೇಲಿನ ಕಿವಿಯ ಚಿತ್ರವನ್ನೇ ನೋಡುತ್ತಿದ್ದರು.

“ಬಲವಂತ ಮಾಡ್ಬೇಡಿ. ಬರೋದಾದ್ರೆ ಅದರ ಪಾಡಿಗೆ ಅದು ಬರುತ್ತೆ, ನೀವು ಕಾಯ್ದೇ ಇರೋವಾಗ. ಇನ್ನು ಪ್ರಯತ್ನ ಪಡೋದಕ್ಕೆ ಅಡ್ಡಿ ಇಲ್ಲ, ಒಂದೆರಡು ಮಾತು ಅಷ್ಟೆ.”

“ಬರದಿದ್ರೆ?”

“ಬರದಿದ್ರೆ ಬರದೇ ಇದ್ದ ಹಾಗೆ ಬದುಕೋದು ಕಲೀಬೇಕಮ್ಮ.”

ದಾರಿಯಲ್ಲಿ ಇವರ ಕೈ ಹಿಡಿದುಕೊಂಡು ಬಂದೆ. ಅಂಗೈ ಮೇಲೆ ಇವರು ಏನೂ ಬರೆಯಲಿಲ್ಲ.

ಏಪ್ರಿಲ್ 13, ಭಾನುವಾರ

ದೇವರ ಮೇಲೆ ಕೋಪ ಬಂದಿದೆ. ಪ್ರಾರ್ಥನೆ ಮಾಡಲಿಲ್ಲ. ಆದರೂ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳಲಿಲ್ಲ. ಅವನು ಮಾತು ತಪ್ಪಿದನೆಂದು ನಾನು ಏಕೆ ತಪ್ಪಲಿ.

ಏಪ್ರಿಲ್ 18, ಶುಕ್ರವಾರ

ಹೇಗೆ ಬರೆಯಲಿ, ನನ್ನಂಥ ಪೆದ್ದಿ ಭೂಮಿಯ ಮೇಲೆ ಇನ್ನೊಬ್ಬಳು ಇರಲಾರಳು.

ಬೆಳಿಗ್ಗೆ ಅವಸರದಲ್ಲಿ ಸೊಪ್ಪು ಬೇಯಿಸಿದ್ದೆ. ಮೂವರೂ ಊಟಕ್ಕೆ ಕೂತೆವು. ನಾನು ಟೈಲರಮ್ಮ ಒಪ್ಪಿಕೊಂಡಿರುವ ಮೂವತ್ತು ಅಂಗಿಗಳ ಬಗ್ಗೆ ಹೇಳುತ್ತಿದ್ದೆ, ಅಷ್ಟು ಕಾಜಾ ಒಂದು ವಾರದಲ್ಲಿ ಹೇಗೆ ಮುಗಿಸುವುದು ಎಂದು.

“ಉಪ್ಪು ಕಡಿಮೆ.”

“ಎಲ್ಲಿ ಕಡಿಮೆ, ಸರಿಯಾಗೇ ಹಾಕಿದೀನಿ” ಎಂದು ಉಪ್ಪಿನ ಡಬ್ಬಿ ಆ ಕಡೆ ತಳ್ಳಿದೆ. “ನಿಮಗೆ ಇತ್ತೀಚೆಗೆ ಎಲ್ಲದಕ್ಕೂ ಉಪ್ಪು ಕಡಿಮೆ. ನಿನ್ನೆ ಬೇಳೆಗೂ ಹಾಗೇ ಅಂದ್ರಿ.”

“ನಿನ್ನೆ ಬೇಳೆಗೆ ಹಾಕೇ ಇರ್ಲಿಲ್ಲ.”

“ಹಾಕಿದ್ದೆ. ಕೇಳಿ ಬೇಕಾದ್ರೆ ಅತ್ತೇನ. ಅಲ್ವಾ ಅತ್ತೆ?”

ಅತ್ತೆಯ ಕೈಯಲ್ಲಿದ್ದ ಲೋಟ ಓರೆಯಾಗಿ ನೀರೆಲ್ಲ ಮಡಿಲಿಗೆ ಸುರಿಯುತ್ತಿತ್ತು, ಅವರಿಗೆ ಅದರ ಪರಿವೆ ಇರಲಿಲ್ಲ. “ಹುಡುಗಿ,” ಎಂದರು, “ನೀನು ಯಾರ ಜೊತೆ ಜಗಳ ಆಡ್ತಿದೀಯಾ?”

ಆಗ ಕೇಳಿಸಿತು. ಆಡಿ ಮುಗಿದ ಮಾತು ಆಗ ನನಗೆ ಕೇಳಿಸಿತು. ಒಡಕು ಧ್ವನಿ, ಒಣ ಎಲೆ ತುಳಿದ ಹಾಗೆ. ಇವರಿಗೂ ಗೊತ್ತಾಗಿರಲಿಲ್ಲ. ಗಂಟಲ ಮೇಲೆ ಕೈ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ನಾನು ದಿನಾ ಅವರ ಹುಬ್ಬಿನ ಜೊತೆ, ಬೆರಳಿನ ಜೊತೆ ಹೀಗೇ ವಾದ ಮಾಡುತ್ತೇನಲ್ಲ, ಇವತ್ತೂ ಹಾಗೇ ಮಾಡಿದೆ. ನಿನ್ನೆ ಬೇಳೆಯ ಬಗ್ಗೆ ‘ಅಂದದ್ದು’ ಲೋಟಕ್ಕೆ ತಟ್ಟಿದ ಒಂದು ಏಟಿನಲ್ಲಿ, ಇವತ್ತು ಅಂದದ್ದು ಬಾಯಲ್ಲಿ. ನನಗೆ ಎರಡೂ ಒಂದೇ ಆಗಿತ್ತು.

ಏಳು ವಾರ ಯಾವುದಕ್ಕಾಗಿ ಕಿವಿ ತೆರೆದು ಕಾದಿದ್ದೆನೋ ಅದು ಬಂದಾಗ ನಾನು ಉಪ್ಪಿನ ಡಬ್ಬಿ ತಳ್ಳುತ್ತಿದ್ದೆ. ಅತ್ತೆ ಅತ್ತರು, ನಾನೂ ಅತ್ತೆ. ಇವರು ಇನ್ನೊಂದು ತುತ್ತು ಬಾಯಿಗೆ ಇಟ್ಟು, ಮೆಲ್ಲಗೆ, ಒಡೆದ ಧ್ವನಿಯಲ್ಲಿ, “ಈಗಲೂ ಕಡಿಮೆ” ಎಂದರು.

ಏಪ್ರಿಲ್ 19, ಶನಿವಾರ

ಹರಕೆಯ ಬಗ್ಗೆ ದೊಡ್ಡ ತಕರಾರು ಎದ್ದಿದೆ. ನಾನು ಕೇಳಿದ್ದು ಮೊದಲಿನ ಧ್ವನಿಯನ್ನು, ದೇವರು ಕೊಟ್ಟದ್ದು ಇದನ್ನು. ಸಕ್ಕರೆ ಹಾಕಿಕೊಳ್ಳಬಹುದೋ ಇಲ್ಲವೋ. ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರಿಗೆ ಈ ವಿಷಯ ಇವತ್ತೇ ಗೊತ್ತಾದದ್ದು.

“ಏನಂತ ಅಂದ್ಕೊಂಡಿದ್ದೆ?”

“ಮೊದಲ ಮಾತು ಕಿವಿಗೆ ಬೀಳೋ ತನಕ ಅಂತ.”

“ಬಿತ್ತಲ್ಲ. ನೀನು ಕೇಳಿಸ್ಕೊಳ್ಳಿಲ್ಲ ಅಂದ್ರೆ ದೇವರೇನು ಮಾಡ್ತಾನೆ? ಎರಡನೇ ಸಲ ಕೊಡೋಕೆ ಆಗುತ್ತಾ?” ಎಂದು ತಾವೇ ಮೂರು ಚಮಚ ಸಕ್ಕರೆ ಹಾಕಿ ಚಹಾ ಮಾಡಿ ತಂದರು.

ಒಂದು ಗುಟುಕು ಕುಡಿದೆ. ಎಷ್ಟು ಸಿಹಿ, ನಾಲಿಗೆಗೆ ಅಂಟಿಕೊಳ್ಳುವಂತಿತ್ತು. ಇದನ್ನು ನಾನು ಹೇಗೆ ಕುಡಿಯುತ್ತಿದ್ದೆನೋ. ಅತ್ತೆ ಆ ಕಡೆ ತಿರುಗಿದಾಗ ಲೋಟವನ್ನು ಇವರ ಕಡೆ ಜರುಗಿಸಿದೆ, ಗಟಗಟ ಕುಡಿದು ಎರಡು ಸಲ ತಟ್ಟಿದರು. ಮಾತು ಬಂದರೂ ತಟ್ಟುವುದು ಬಿಟ್ಟಿಲ್ಲ.

ದೇವರ ಹತ್ತಿರ ಕೋಪ ಮಾಡಿಕೊಂಡದ್ದಕ್ಕೆ ಕ್ಷಮೆ ಕೇಳಿದೆ. ಸಿಕ್ಕಿತೆಂದು ತಿಳಿದುಕೊಂಡಿದ್ದೇನೆ.

ಏಪ್ರಿಲ್ 24, ಗುರುವಾರ

ಇವರು ಇವತ್ತು ಮೈಕಿನ ಮುಂದೆ ಕೂತರು. ಮತ್ತೆ ತೋರಿಸಿದಾಗ ಡಾಕ್ಟರು ಹೇಳಿದ್ದರು: ಇನ್ನು ಸ್ವಲ್ಪ ಸುಧಾರಿಸಬಹುದು, ಆದರೆ ಈ ಒಡಕು ಉಳಿಯುತ್ತದೆ, ಎತ್ತರಿಸಿ ಮಾತಾಡುವ ಹಾಗಿಲ್ಲ. ಆದರೂ ಒಮ್ಮೆ ನೋಡೇಬಿಡೋಣ ಎಂದು ಇವರಿಗೆ ಆಸೆ. ನಾನು ಅಂಗಡಿಯಲ್ಲಿ ಕಾಜಾ ಹೊಲಿಯುತ್ತಿದ್ದೆ. “ಪ್ರಯಾಣಿಕರ ಗ...” ಎಂದು ಕೇಳಿಸಿತು, ಅಷ್ಟಕ್ಕೇ ಒಡೆಯಿತು. ಸ್ವಲ್ಪ ಹೊತ್ತು ಮೈಕಿನಲ್ಲಿ ಬರೀ ಉಸಿರು. ಆಮೇಲೆ ಕಟಕ್ ಎಂದು ಆರಿತು. ಟೈಲರಮ್ಮ ಮಷೀನು ತುಳಿಯುವುದನ್ನು ನಿಲ್ಲಿಸಿದ್ದರು. “ಹೋಗು, ಮನೆಗೆ ಹೋಗು. ಗುಂಡಿ ನಾಳೆ ಹಾಕಿದ್ರಾಯ್ತು” ಎಂದರು.

ಮೆಟ್ಟಿಲ ಮೇಲೆ ಕೂತು ಕಾದೆ. ಇವರು ಬಂದು ಪಕ್ಕದಲ್ಲಿ ಕೂತರು. ಸ್ಟೇಷನ್ ಮಾಸ್ಟರು ಕೈಬಿಡಲಿಲ್ಲವಂತೆ: ಮೈಕಿಗೆ ಯಂತ್ರವೇ ಇರಲಿ, ಹಲಗೆ ಮತ್ತು ವಿಚಾರಣೆಯ ಕಿಟಕಿ ಇನ್ನು ಮುಂದೆ ನಿಮ್ಮದು, ಯಂತ್ರಕ್ಕೆ ಗೊತ್ತಿಲ್ಲದ್ದನ್ನು ಹೇಳಲು ಒಬ್ಬ ಮನುಷ್ಯ ಬೇಕೇಬೇಕು ಎಂದರಂತೆ. ಕೆಲಸ ಉಳಿಯಿತು. ಕುರ್ಚಿ ಹೋಯಿತು.

“ಹನ್ನೊಂದು ವರ್ಷ” ಎಂದರು ಇವರು. ನಾನು ಅವರ ಅಂಗೈ ಬಿಡಿಸಿ ಬೆರಳಿನಿಂದ ‘ಹಸಿವು’ ಎಂದು ಬರೆದೆ. ಇವರು ಎದ್ದು ಕೈ ಕೊಟ್ಟು ನನ್ನನ್ನು ಎಬ್ಬಿಸಿದರು.

ಏಪ್ರಿಲ್ 27, ಭಾನುವಾರ

ಸಂಜೆಯಾದರೂ ಸೆಕೆ. ಅಡುಗೆಮನೆಯ ಕಿಟಕಿಗೆ ರೀಲು ಸಿಕ್ಕಿಸಿ ಪೂರ್ತಿ ತೆರೆದಿದ್ದೆ. ಇವರು ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತ, ವಿಚಾರಣೆಯ ಕಿಟಕಿಗೆ ಬಂದ ಅಜ್ಜಿಯ ಕಥೆ ಹೇಳುತ್ತಿದ್ದರು. ಆ ಅಜ್ಜಿ ಗಾಡಿಯ ಹೊತ್ತು ಕೇಳಿದರಂತೆ, ಇವರು ಹೇಳಿದರಂತೆ. “ಅಯ್ಯೋ ಪಾಪ, ಶೀತ ಆಗಿದೆ ನಿನಗೆ” ಎಂದು ಚೀಲದಿಂದ ಶುಂಠಿ ತೆಗೆದು ಕೊಟ್ಟರಂತೆ. ಅಷ್ಟು ಉದ್ದದ ಕಥೆಯನ್ನು ಇವರು ನಿಲ್ಲಿಸಿ ನಿಲ್ಲಿಸಿ ಹೇಳಬೇಕು, ಮಧ್ಯೆ ಧ್ವನಿ ಜಾರಿ ಹೋಗುತ್ತದೆ, ಮತ್ತೆ ಸಿಗುತ್ತದೆ. ಜಾರಿದ ಕಡೆ ಇವರ ಹುಬ್ಬು ನೋಡಿದರೆ ಕಥೆ ಮುಂದೆ ಹೋಗುತ್ತದೆ. ಅಜ್ಜಿ ಶುಂಠಿಯನ್ನು ಹೇಗೆ ಜಗಿಯಬೇಕೆಂದು ತೋರಿಸಿಕೊಟ್ಟದ್ದನ್ನು ಇವರು ಮಾಡಿ ತೋರಿಸಿದರು. ನಾನು ನಕ್ಕು ನಕ್ಕು ಬಟಾಣಿಯೆಲ್ಲ ಚೆಲ್ಲಿದೆ.

ಚೆಲ್ಲಿದ್ದನ್ನು ಆರಿಸುತ್ತಿದ್ದಾಗ ಇವರು ಇದ್ದಕ್ಕಿದ್ದಂತೆ ತೆರೆದ ಕಿಟಕಿಯ ಕಡೆ ನೋಡಿ, ಆಮೇಲೆ ನನ್ನ ಕಡೆ ತಿರುಗಿದರು. ಹಿಂದೊಮ್ಮೆ ಬಾಗಿಲಲ್ಲಿ ನಿಂತು ನೋಡಿದ್ದರಲ್ಲ, ಅದೇ ನೋಟ. ನನಗೆ ಭಯವಾಯಿತು.

“ಗುಂಡಿ, ನಿಜ ಹೇಳು. ಈಗ ಕೂಗಿದ್ನಲ್ಲ, ಅವನ ಧ್ವನಿ ಚೆಂದವೋ, ನನ್ನದೋ?”

“ಯಾರು ಕೂಗಿದ್ರು?” ಎಂದು ಕೇಳಿದೆ.

ಇವರು ನನ್ನ ಮುಖವನ್ನೇ ನೋಡಿದರು, ತಮಾಷೆ ಮಾಡುತ್ತಿದ್ದೇನೋ ಎಂದು ನೋಡುವ ಹಾಗೆ. ಆಮೇಲೆ ನಗತೊಡಗಿದರು. ಗಂಟಲಿಗೆ ನೋವಾಗಬಾರದೆಂದು ಸದ್ದಿಲ್ಲದೆ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ಏನಾಯಿತು ಹೇಳಿ ಎಂದರೆ ಹೇಳಲಿಲ್ಲ. ವಾರದಿಂದ ಮೂಲೆ ಸೇರಿದ್ದ ಸ್ಲೇಟನ್ನು ಎಳೆದುಕೊಂಡು, ನಾಲಿಗೆ ಹೊರಗೆ ಚಾಚಿ, ನೇರವಾದ ಸಾಲಿನಲ್ಲಿ, ಒಂದೊಂದು ಅಕ್ಷರಕ್ಕೂ ಸರಿಯಾದ ಅಂತರ ಬಿಟ್ಟು ಬರೆದು ನನ್ನ ಮಡಿಲಿಗೆ ಇಟ್ಟರು: ‘ಪ್ರಯಾಣಿಕರ ಗಮನಕ್ಕೆ. ಗಾಡಿ ಬಂದು ನಿಂತಿದೆ.’

ಯಾವ ಗಾಡಿಯೋ ಏನೋ. ನನಗೆ ತಿಳಿದ ಮಟ್ಟಿಗೆ ಆರು ಹತ್ತರದನ್ನು ಇನ್ನೂ ಕೂಗಿಯೇ ಇರಲಿಲ್ಲ.